ಮುಂದಿನ ಸಾಲಿನಲ್ಲಿ ಕುಳಿತ ಮಹಾರಾಜರ ಶಾಲು

ಮೊದಲೇ ಕ್ಷಮೆ ಕೇಳುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ, ಕೆಟ್ಟದಾಗಿಯೇ ಹೇಳುತ್ತೇನೆ. ನಮ್ಮದು ಭದ್ರಾವತಿಯ ಹವ್ಯಾಸಿ ನಾಟಕ ತಂಡ. ಹವ್ಯಾಸಿ ಎಂದರೆ ಯಾರಿಗೂ ಸಂಬಳವಿಲ್ಲ. ಊರಲ್ಲಿ ವ್ಯಾಪಾರ ಬಿದ್ದ ಮೇಲೆ ದಾನಿಗಳೂ ಇಲ್ಲ. ಶಿವಮೊಗ್ಗದ ಪ್ರದರ್ಶನಕ್ಕೆ ಯಾರೂ ಕೈಹಿಡಿಯದಿದ್ದರೆ ತಂಡಕ್ಕೆ ಬೀಗ ಎಂದು ನಿರ್ದೇಶಕರು ಹೇಳಿದ್ದರು. ಇಂಥ ಹೊತ್ತಲ್ಲೇ ನಮಗೆ ಇಂಥವೆಲ್ಲ ಆಗುವುದು.

ಪರದೆ

ಜನ್ನಾಪುರದ ಬಟ್ಟೆ ಅಂಗಡಿ ಯಜಮಾನರು, "ದುಡ್ಡು ಮಾತ್ರ ಕೇಳ್ಬೇಡ ಮಾರಾಯ, ಪರದೆ ಬೇಕಾದ್ರೆ ಕೊಡ್ತೀನಿ" ಎಂದರು. ಕೊಟ್ಟದ್ದು ಹಳೆಯ ಆಷಾಢ ಸೇಲಿನ ಬ್ಯಾನರು. ಬರಹ ಹಿಂದಕ್ಕಿರಲಿ ಎಂದು ನಾನು ಹೇಳಿದ್ದೆ. ಕಟ್ಟಿದವರು ಮುಂದಕ್ಕೆ ಕಟ್ಟಿದ್ದರು. ರಾಣಿ ಪ್ರಾಣ ಬಿಟ್ಟಳು, ಮಹಾರಾಜರು ಗೋಳಾಡಿದರು, ಅವರ ಬೆನ್ನ ಹಿಂದೆ ಪರದೆ ಇಳಿಯಿತು: "ಸ್ಟಾಕ್ ಇರುವವರೆಗೆ ಮಾತ್ರ!"

ದ್ವಾರಪಾಲಕ

ಆಲ್ಕೊಳದ ಹೋಟೆಲಿನವರು ತಂಡಕ್ಕೆ ಊಟ ಕೊಡಲು ಒಪ್ಪಿದರು, ಅವರ ಭಾವಮೈದುನನಿಗೆ ಪಾರ್ಟು ಕೊಟ್ಟರೆ. ಆತ ಅದೇ ಹೋಟೆಲಿನ ಸಪ್ಲೈಯರು. ಮಹಾರಾಜರು "ಯಾರಲ್ಲಿ?" ಎಂದರೆ "ಅಪ್ಪಣೆ ಪ್ರಭು" ಎನ್ನಬೇಕು, ಅಷ್ಟೇ.

"ಯಾರಲ್ಲಿ?"

"ಬಂದೆ ಸಾರ್! ದೋಸೆ ಖಾಲಿ, ಇಡ್ಲಿ ಇದೆ!"

ನಾನು ಮಂತ್ರಿ, ಪಕ್ಕದಲ್ಲೇ ನಿಂತಿದ್ದೆ, "ಅಪ್ಪಣೆ ಪ್ರಭು ಅನ್ನು" ಎಂದು ಪಿಸುಗುಟ್ಟಿದೆ. ಬೆಳಗಿನಿಂದ ಉಪವಾಸವಿದ್ದ ಮಹಾರಾಜರು, ಅಂದರೆ ನಮ್ಮ ನಿರ್ದೇಶಕರು, "ಎರಡು" ಎಂದುಬಿಟ್ಟರು.

ಸನ್ಮಾನ

ದಾನಿಗಳಿಗೆ ಮಧ್ಯಂತರದಲ್ಲಿ ಸನ್ಮಾನ ಮಾಡಲೇಬೇಕು. ಶಾಲು ಕೊಳ್ಳಲು ಗತಿಯಿರಲಿಲ್ಲ. ಮಹಾರಾಜರ ಶಾಲನ್ನೇ ಬಟ್ಟೆ ಅಂಗಡಿಯವರಿಗೆ ಹೊದಿಸಿ, "ಕವರಿಗೆ ಹಾಕಿ ಕೊಡ್ತೀವಿ ಸಾರ್" ಎಂದು ಒಳಗೆ ತರುವುದು ನಮ್ಮ ಉಪಾಯ.

"ಕವರ್ ಯಾಕೆ? ಎ.ಸಿ. ಜೋರಿದೆ, ಹೊದ್ಕೊಂಡೇ ಕೂತ್ಕೋತೀನಿ" ಎಂದು ಅವರು ಮುಂದಿನ ಸಾಲಿಗೆ ಹೋಗಿ ಕುಳಿತರು.

ಕೊನೆಯ ದೃಶ್ಯದಲ್ಲಿ ಮಹಾರಾಜರು ಆ ಶಾಲನ್ನು ಮಗನಿಗೆ ಹೊದಿಸಿ ರಾಜ್ಯ ಒಪ್ಪಿಸಬೇಕು. ಶಾಲಿಲ್ಲ! ಮಹಾರಾಜರು ಸೀದಾ ಕೆಳಗಿಳಿದು ಅವರ ಮುಂದೆ ಕೈಮುಗಿದರು: "ಶಾಲು ತಮ್ಮಲ್ಲಿದೆ. ಇನ್ನು ಈ ರಾಜ್ಯವನ್ನೂ ತಾವೇ ಆಳಬೇಕು."

ಯಜಮಾನರು ಬೆಚ್ಚಿ ಎದ್ದು ನಿಂತರು. "ಅಯ್ಯೋ ಬೇಡ ಮಾರಾಯ! ಈ ಕಾಲದಲ್ಲಿ ಒಂದು ಅಂಗಡಿ ನಡೆಸೋದೇ ಸಾಕಾಗಿದೆ!"

ಚಪ್ಪಾಳೆ ನಿಲ್ಲಲೇ ಇಲ್ಲ. ನಾಟಕದಲ್ಲೇ ಹಾಗಿದೆ ಎಂದು ಜನ ತಿಳಿದರು. ನಿಜವಾಗಿ ಹೇಗಿತ್ತೆಂದು ವಿವರಿಸುತ್ತೇನೆ. ಮೂಲ ನಾಟಕದಲ್ಲಿ ಮಹಾರಾಜರು ಮೊದಲು...

ತಡೆಯಿರಿ, ನಿರ್ದೇಶಕರು ಕೂಗುತ್ತಿದ್ದಾರೆ. ಬಟ್ಟೆ ಅಂಗಡಿ ಯಜಮಾನರು ಬಂದಿದ್ದಾರಂತೆ. ಮುಂದಿನ ನಾಟಕದ ಖರ್ಚೆಲ್ಲ ಅವರದೇ ಅಂತೆ. ಕಿರೀಟಕ್ಕೆ ಅವರ ತಲೆಯ ಅಳತೆ ತೆಗೆಯಲು ಟೇಪು ತರಬೇಕಂತೆ.