ಬಿಗಿ ಹಿಡಿಯಿರಿ, ಬಿಡಿ

ಆ ಭಾನುವಾರ ಮಾರುತೇಶನ ಫೋನಿನ ಚಾರ್ಜು ಮುಗಿಯದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ನಾದಿನಿ ದಿವ್ಯಾಳ ಮಗುವಿಗೆ ಹೆಸರಿಡುವ ಕಾರ್ಯಕ್ಕೆಂದು ಹೆಂಡತಿ ಸೌಂದರ್ಯಳೊಂದಿಗೆ ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಅತ್ತೆಮನೆಗೆ ಬಂದವನು, ಪಡಸಾಲೆಯಲ್ಲಿ ಫೋನನ್ನು ಚಾರ್ಜಿಗೆ ಸಿಕ್ಕಿಸಿ ಊಟಕ್ಕೆ ಕುಳಿತ. ಕೈ ತೊಳೆದು ಬಂದು ನೋಡಿದರೆ ಅಲ್ಲಿದ್ದದ್ದು ಅವನದರಂತೆಯೇ ಇನ್ನೊಂದು ಕರಿಯ ಫೋನು. ಅದರ ತೆರೆಯ ಮೇಲೆ ಸೌಂದರ್ಯಳ ಸೋದರಮಾವ ಕ್ಯಾತಣ್ಣ ತನ್ನ ಸೀಮೆಹಸುವಿನ ಕೊರಳು ತಬ್ಬಿಕೊಂಡು ನಗುತ್ತಿದ್ದ.

ಅಂದರೆ ಮಾರುತೇಶನ ಫೋನು ಕ್ಯಾತಣ್ಣನ ಜೇಬು ಸೇರಿತ್ತು.

ಆ ಫೋನಿನಲ್ಲಿ ಅವನ ಮಾನವಿತ್ತು. ಎಣ್ಣೆ ಮಿಲ್ಲಿನಲ್ಲಿ ಲಾರಿಗಟ್ಟಲೆ ಶೇಂಗಾ ತೂಗುವ ಗಟ್ಟಿ ಆಳು, ಹಾಸಿಗೆ ಹತ್ತಿರ ಬಂದರೆ ಓದದೇ ಪರೀಕ್ಷೆಗೆ ಹೋದ ಹುಡುಗನಂತೆ ಬೆವರುತ್ತಿದ್ದ. ಮದುವೆಯಾಗಿ ಎರಡು ವರ್ಷವಾದರೂ ಮನಸ್ಸು ಹೂಂ ಎಂದಾಗ ಮೈ ಏಳುತ್ತಿರಲಿಲ್ಲ. ಚಿತ್ರದುರ್ಗದ ಡಾಕ್ಟರು ತಪಾಸಣೆ ಮಾಡಿ, “ಮೈಯಲ್ಲಿ ಏನೂ ಐಬಿಲ್ಲ. ಹೆದರಿಕೆಯೇ ನಿಮ್ಮ ಕಾಯಿಲೆ” ಎಂದು ಒಂದು ಆಪ್ ಹಾಕಿಕೊಟ್ಟಿದ್ದರು. ದಿನಾ ಮಧ್ಯಾಹ್ನ ಅದು ತಾನಾಗಿ ಬಾಯಿ ಬಿಟ್ಟು, ಸೊಂಟದ ಕೆಳಗಿನ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮ ಹೇಳಿಕೊಡುತ್ತಿತ್ತು. ವಾರಕ್ಕೊಮ್ಮೆ, ‘ಈ ವಾರ ನಿಮಿರುವಿಕೆ ಹೇಗಿತ್ತು?’ ಎಂದು ನಾಚಿಕೆಯಿಲ್ಲದೆ ತೆರೆಯ ಮೇಲೆ ಬರೆದು ಕೇಳುತ್ತಿತ್ತು. ಮಾರುತೇಶ ಚೀಲಗಳ ಹಿಂದೆ ಅಡಗಿ ಕುಳಿತು ಎಲ್ಲವನ್ನೂ ಮಾಡುತ್ತಿದ್ದ. ‘ಹೆಂಡತಿಯೊಡನೆ ಮನಬಿಚ್ಚಿ ಮಾತಾಡಿ’ ಎಂಬ ಪಾಠವನ್ನು ಮಾತ್ರ ಹಾರಿಸಿಬಿಟ್ಟಿದ್ದ. ಲಾಕ್ ಹಾಕಿದರೆ ಸೌಂದರ್ಯ ಅನುಮಾನಪಟ್ಟಾಳೆಂದು ಫೋನಿನ ಲಾಕನ್ನೂ ತೆಗೆದಿದ್ದ.

“ಅತ್ತೆ, ಕ್ಯಾತಣ್ಣ ಮಾವ ಎಲ್ಲಿ?”

“ಉಂಡ ಕೂಡ್ಲೇ ಅವ್ನೂರು ಬಿ.ಜಿ. ಕೆರೆಗೆ ಹೊಂಟ್ನಲ್ಲಪ್ಪ,” ಎಂದರು ಅತ್ತೆ ಶಾಂತಕುಮಾರಿ. “ಯಾಕೆ ಹಿಂಗೆ ಬೆವರ್ತಿದೀರಿ?”

ಎಲೆ ಅಡಿಕೆ ಜಗಿಯುತ್ತಿದ್ದ ಪಕ್ಕದ ಮನೆಯ ಕಾಟಮ್ಮ ಬಾಯಿ ಹಾಕಿದಳು. “ಬೆವರ್ದೆ ಏನ್ಮಾಡ್ತಾರೆ? ಅಕ್ಕಂಗಿಂತ ಮುಂಚೆ ತಂಗಿ ತೊಟ್ಲು ಕಟ್ಟಿದ್ಲಲ್ಲ!”

ಮಾರುತೇಶ ಸೌಂದರ್ಯಳ ಫೋನು ಇಸಿದುಕೊಂಡು ತನ್ನ ನಂಬರಿಗೆ ಮಾಡಿದ. ಕ್ಯಾತಣ್ಣ ಎತ್ತಿದ. ಅವನು ಗುಟ್ಟು ಹೇಳಿದರೂ ಮೂರು ಊರಿಗೆ ಕೇಳುತ್ತಿತ್ತು.

“ಹಲೋ! ಯಾರು? ಇಲ್ಲೇ ಟೀ ಹೋಟ್ಲತ್ರ ಇದೀನಿ. ಇದ್ಯಾರ್ದೋ ಫೋನು ತಂದ್ಬಿಟ್ಟಿದೀನಿ ನೋಡಪ್ಪ! ಇರು ಇರು, ಇದು ಅದೇನೋ ಮಾತಾಡಾಕೆ ಹತ್ತೈತೆ…”

ಲೈನು ಕಡಿಯಿತು. ಮಾರುತೇಶ ಫೋನನ್ನು ಹೆಂಡತಿಯ ಕೈಗೆ ತುರುಕಿ, ಷಡ್ಡಕ ಪ್ರದೀಪನ ಬೈಕು ಹತ್ತಿ ಹೊರಟ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೈಕು ಕೆಮ್ಮಿ ನಿಂತಿತು. ಪ್ರದೀಪ ಪೆಟ್ರೋಲನ್ನು ತೀರ್ಥದಂತೆ ಹಾಕಿಸುವ ಪೈಕಿ. ಕೊನೆಗೆ ಕುರಿ ತುಂಬಿಕೊಂಡು ಬರುತ್ತಿದ್ದ ಲಗೇಜ್ ಆಟೋದವನೊಬ್ಬ, ಹೊನ್ನೂರಸ್ವಾಮಿ ಅಂತ, ಪಕ್ಕಕ್ಕೆ ಕೂರಿಸಿಕೊಂಡ.

“ಒಂದು ಫೋನಿಗೆ ಇಷ್ಟು ಗಾಬರಿನಾ ಅಣ್ಣ? ಯಾವ್ದಾದ್ರೂ ಹುಡುಗಿ ಫೋಟೋ ಐತಾ ಅದ್ರಾಗೆ?”

ಇಲ್ಲ ಎನ್ನಲು ಬಾಯಿ ತೆರೆದ ಮಾರುತೇಶ ಮತ್ತೆ ಮುಚ್ಚಿಕೊಂಡ. ಆ ಅಪವಾದವಾದರೂ ಗಂಡಸಿಗೆ ಬರುವಂಥದ್ದು. ತಲೆ ತಗ್ಗಿಸಿ ಹೂಂ ಎಂದ. ಹಿಂದಿನಿಂದ ಒಂದು ಟಗರು ಅವನ ಕಿವಿಯ ಬಳಿ ಉಸಿರುಬಿಟ್ಟಿತು. ದಾರಿಯುದ್ದಕ್ಕೂ ಅವನ ಕಣ್ಣಮುಂದೆ ಒಂದೇ ಚಿತ್ರ: ಟೀ ಹೋಟೆಲಿನ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ, ಸೌಂದರ್ಯ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಾಳೆ.

ಬಿ.ಜಿ. ಕೆರೆಯ ಹೋಟೆಲಿನ ಮುಂದೆ ಯಾರೂ ನಗುತ್ತಿರಲಿಲ್ಲ. ಕ್ಯಾತಣ್ಣ, ಅವನ ಗೆಳೆಯರಾದ ಹನುಮಣ್ಣ, ಪಾತಣ್ಣ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಕುಳಿತಿದ್ದರು. ನಡುವೆ ಫೋನು.

“ಬಿಗಿ ಹಿಡಿಯಿರಿ…” ಎಂದಿತು ಫೋನಿನೊಳಗಿನ ಹೆಣ್ಣುದನಿ.

ಎಲ್ಲೂ ನಿಲ್ಲಿಸದ ಬಸ್ಸಿನಲ್ಲಿ ಕುಳಿತವರಂತೆ ಮೂವರ ಮುಖವೂ ಕಿವುಚಿಕೊಂಡಿತು.

“ಬಿಡಿ.”

ಬೆಂಚಿಗೇ ಜೀವ ಬಂದಂತಾಯಿತು. “ಶಾನಾ ಬಾಗುಂದಿ!” ಎಂದು ತೆಲುಗಿನಲ್ಲಿ ಮೆಚ್ಚಿದ ಪಾತಣ್ಣ.

“ಬಾ ಅಳಿಯಾ, ಇದು ನಿಂದೇ ಏನು?” ಕ್ಯಾತಣ್ಣ ಫೋನು ಎತ್ತಿಕೊಟ್ಟ. “ಸೊಂಟ ನೋವಿಗೆ ಬಾಳ ಚಂದ ಹೇಳ್ಕೊಡ್ತೈತೆ ಕಣಯ್ಯ.”

“ಹೌ… ಹೌದು ಮಾವ. ಸೊಂಟದ್ದೇ,” ಎಂದ ಮಾರುತೇಶ. ಎರಡು ವರ್ಷದಿಂದ ಎದೆಯ ಮೇಲಿದ್ದ ಶೇಂಗಾ ಚೀಲ ಇಳಿಸಿದಷ್ಟು ಹಗುರವಾಯಿತು. ಮೂವರಿಗೂ ಟೀ ಹೇಳಿದ.

“ಹಿಂದಿನ ಸುತ್ತು ಮುಗಿದಾಗ ಅದೇನೋ ಬರ್ದು ತೋರಿಸ್ತು,” ಎಂದ ಕ್ಯಾತಣ್ಣ ಟೀ ಹೀರುತ್ತ. “ನನ್ ಕನ್ನಡಕ ಮನ್ಯಾಗೈತೆ. ಹನುಮಣ್ಣ ಅಷ್ಟೋ ಇಷ್ಟೋ ಓದಿದ. ‘ನಿಮ್ಮ ಪರಿಚಯದವರಿಗೂ ತಿಳಿಸಬೇಕೇ’ ಅಂತಿತ್ತಂತೆ. ಒಳ್ಳೇದು ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ ಹಸಿರು ಗುಂಡಿ ಒತ್ತಿದೆ.”

ಮಾರುತೇಶನ ಕೈಯಲ್ಲಿದ್ದ ಟೀ ಅಂಗಿಯ ಮೇಲೆ ಚೆಲ್ಲಿತು. ಒರೆಸಿಕೊಳ್ಳದೆ ಫೋನು ತೆರೆದು ನೋಡಿದ. ಫೋನಿನಲ್ಲಿದ್ದ ಪ್ರತಿಯೊಂದು ಹೆಸರಿಗೂ ಸಂದೇಶ ಹೋಗಿತ್ತು: ‘ನಾನು, ಮಾರುತೇಶ, ನಿಮಿರು ದೌರ್ಬಲ್ಯದಿಂದ ಹೊರಬರುತ್ತಿದ್ದೇನೆ. ನೀವೂ ಜೊತೆಗೂಡಿ.’

ಟಿಂಗ್ ಎಂದಿತು ಫೋನು. ಮಿಲ್ಲಿನ ಯಜಮಾನರದು: ‘ಗುಣ ಕಾಣಿಸ್ತಾ? ನಾನು ಕೇಳಿದ್ದು ಯಾರಿಗೂ ಹೇಳಬೇಡ.’ ಟಿಂಗ್. ಹಾಲಿನವನು. ಟಿಂಗ್. ಶಾಲೆಯ ಹಳೇ ಮೇಷ್ಟ್ರು. ಅಷ್ಟರಲ್ಲಿ ಸೌಂದರ್ಯಳ ಕರೆ ಬಂತು. ಎತ್ತದಿದ್ದರೆ ಸಾವು, ಎತ್ತಿದರೂ ಸಾವು. ಮರದ ಹಿಂದೆ ಹೋಗಿ ಎತ್ತಿದ.

“ರೀ, ನಂಗೂ ಬಂತು. ಅವ್ವಂಗೂ ಬಂತು.”

“ಸೌಂದರ್ಯಾ, ನಾನು ನಿಂಗೆ ಮೊದ್ಲೇ ಹೇಳ್ಬೇಕಿತ್ತು…”

“ಒಂದೇ ಮನ್ಯಾಗಿದ್ದು ನಂಗೊತ್ತಾಗಲ್ವಾ? ನಿಮ್ಮ ಮಾನ ಹೋಗ್ಬಾರ್ದು ಅಂತ ಐಬು ನಂದೇ ಅಂತ ಅವ್ವಂಗೆ ಹೇಳಿದ್ದೆ. ವರ್ಷದಿಂದ ಇಲ್ಲಿಗೆ ಬಂದಾಗೆಲ್ಲ ಬೇವಿನ ಚಕ್ಕೆ ಕಷಾಯ ಕುಡಿಸ್ತಾ ಅವ್ಳೆ.”

ಮಾರುತೇಶನ ಎರಡು ವರ್ಷದ ಭಯ ಅಲ್ಲೇ, ಬೇವಿನ ಮರದ ಬುಡದಲ್ಲಿ ಕರಗಿ ಕಣ್ಣಿಗೆ ಬಂತು.

“ಅಳ್ಬೇಡ್ರಿ. ಬೇಗ ಬನ್ನಿ.”

“ಬರ್ತೀನಿ. ಅತ್ತೆ ಏನಂತಾರೆ?”

“ಒಲೆ ಹಚ್ಚವ್ಳೆ. ಕಾಟಮ್ಮ ಚಕ್ಕೆ ಜಜ್ತಾ ಕೂತವ್ಳೆ,” ಎಂದು ಸೌಂದರ್ಯ ದನಿ ತಗ್ಗಿಸಿದಳು. “ನಂಗೆ ಲೋಟದಾಗೆ ಕೊಡ್ತಿದ್ರು. ನಿಮಗೆ ಚೊಂಬಂತೆ.”