ಗೌಡರ ಎರಡು ಸೀಟಿನ ಕಾರು

ಮೇಲೆ ಹೊದಿಕೆಯಿಲ್ಲದ ಕಾರಿನಲ್ಲಿ ಏನು ನಡೆದರೂ ಊರಿಗೆಲ್ಲ ಕಾಣುತ್ತದೆ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗ ನಾನು ನೆಲ್ಯಹುದಿಕೇರಿ ಕಡೆಯ ಕಾಫಿ ತೋಟವೊಂದರಲ್ಲಿ ಡ್ರೈವರ್ ಆಗಿದ್ದೆ. ಅಂಥ ಕಾರೊಂದು ನಮ್ಮಲ್ಲಿಗೆ ಬಂದ ಮೇಲೆ ನಗುವುದಕ್ಕೆ ನಾವು ಬೇರೆಲ್ಲೂ ಹೋಗಬೇಕಾಗಲಿಲ್ಲ.

ಜೋಡಿ

ಸ್ವದೇಶಕ್ಕೆ ಹೊರಟ ಬಿಳಿ ದೊರೆಯೊಬ್ಬರ ಹಳೇ ಕೆಂಪು ಕಾರನ್ನು ನಮ್ಮ ಗೌಡರು ಕೊಂಡರು. ಮಡಚುವ ಟಾಪು, ಉದ್ದ ಮೂತಿ, ಎರಡೇ ಸೀಟು. ಮೊದಲ ದಿನ ಅಮ್ಮಾವ್ರು ರೇಷ್ಮೆ ಸೀರೆಯುಟ್ಟು ಮಲ್ಲಿಗೆ ಮುಡಿದು ಬಂದರು. ಗೌಡರಿಗೆ ಕಾರು ಬಿಡಲು ಬರದು. ಒಂದು ಸೀಟಿನಲ್ಲಿ ನಾನು, ಇನ್ನೊಂದರಲ್ಲಿ ಅವರು.

“ನಾನೆಲ್ಲಿ ಕೂರ್ಲಿ?” ಅಂದರು ಅಮ್ಮಾವ್ರು.

ಗೌಡರು ನನ್ನ ಮುಖ ನೋಡಿದರು. ನಾನು ಸ್ಟೇರಿಂಗ್ ನೋಡಿದೆ.

“ಹೋಗ್ಲಿ ಬಿಡಿ, ನೀವಿಬ್ರೇ ಹೋಗ್ಬನ್ನಿ. ಜೋಡಿ ಚೆನ್ನಾಗೈತೆ.”

ಕೊಂಬು

ಆ ಮಾತು ಗೌಡರಿಗೆ ನಾಟಿತು. ಹೆಂಡತಿಯನ್ನು ತಾವೇ ಕೂರಿಸಿಕೊಂಡು ಹೋಗಬೇಕೆಂದು ಹಟ ಹಿಡಿದು, ಕಾಫಿ ಒಣಗಿಸುವ ಕಣದ ಸುತ್ತ ಕಾರು ಕಲಿಯತೊಡಗಿದರು. ತಿರುವಿನಲ್ಲಿ ಹಾರನ್ ಒತ್ತಬೇಕೆಂದು ನಾನು ಹೇಳಿದ್ದೆ. ಕಣದ ಸುತ್ತ ಹೋಗುವವರಿಗೆ ಎಲ್ಲಾ ತಿರುವೇ! ತೋಟದಲ್ಲಿ ಮೇಸ್ತ್ರಿ ಕೊಂಬು ಊದಿದರೆ ಅವತ್ತಿನ ಕೆಲಸ ಮುಗಿದಂತೆ. ಹಾರನ್ನಿನ ದನಿಯೂ ಹಾಗೇ ಇತ್ತು. ಬಿಸಿಲೇರುವ ಮೊದಲೇ ಹಣ್ಣು ಕೊಯ್ಯುವವರೆಲ್ಲ ಚೀಲ ಹೊತ್ತು ಇಳಿದು ಬಂದರು. ಹಾಜರಿ ಬರೆಯುವ ರೈಟರ್ ಎಷ್ಟು ಗದರಿದರೂ ಕದಲದೆ ಕಣದ ಅಂಚಿನಲ್ಲಿ ಕೂತು ನೋಡಿದರು.

ಅವರಲ್ಲೊಬ್ಬ ಅಜ್ಜಿ ಹೊರಡುವಾಗ ಅಂದಳು: “ಗೌಡ್ರೇ, ನಾಳೆ ಇನ್ನೂ ಸ್ವಲ್ಪ ಬೇಗ್ನೆ ಕಲೀರಿ.”

ಹೊಳೆ ದಂಡೆ

ಕಾಫಿ ಹೂ ಬಿಟ್ಟಿತು. ಗೌಡರು ಟಾಪು ಮಡಚಿ, ಅಮ್ಮಾವ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟರು. ತೆರೆದ ಕಾರಿನ ಸುಖವೇ ಬೇರೆ, ಹೂವಿನ ಘಮ ಮಡಿಲಿಗೇ ಬಂದು ಬೀಳುತ್ತದೆ. ಇಬ್ಬರೂ ನಗುತ್ತ ಗೇಟು ದಾಟಿದಾಗ ನನಗೆ ಕಣ್ಣು ತುಂಬಿ ಬಂತು. ಆಮೇಲೆ ನೆನಪಾಯಿತು. ಕಣದಲ್ಲಿ ಸುತ್ತಿದ್ದೇ ಸುತ್ತಿದ್ದು, ರಿವರ್ಸ್ ಹೇಳಿಕೊಟ್ಟೇ ಇರಲಿಲ್ಲ!

ಸೈಕಲ್ ಹತ್ತಿ ಹೊರಟೆ. ದುಬಾರೆಯಲ್ಲಿ ರಸ್ತೆ ಮುಗಿದು ಹೊಳೆ ಸಿಗುವಲ್ಲಿ ಕಾರು ನಿಂತಿತ್ತು. ಆಚೆ ದಡದಲ್ಲಿ ಆನೆಗಳಿಗೆ ಸ್ನಾನ ನಡೆದಿತ್ತು. ಇವರಿಬ್ಬರೂ ಕಿತ್ತಳೆ ಸುಲಿದು ತಿನ್ನುತ್ತಿದ್ದರು.

“ಬಂದ್ಯಾ? ತಿರುಗ್ಸಪ್ಪಾ ಇದನ್ನ,” ಎಂದು ಗೌಡರು ಇಳಿಯಹೊರಟರು.

ಅಮ್ಮಾವ್ರು ಅವರ ತೋಳು ಹಿಡಿದುಕೊಂಡರು. “ಈಗ್ಲೇ ಬೇಡ. ಮದ್ವೆಯಾದಾಗಿಂದ ತೋಟ ತೋಟ ಅಂತ ಓಡ್ತಾನೇ ಇದ್ರು. ನನ್ ಪಕ್ಕ ಕೂತಿದ್ದು ಇವತ್ತೇ. ನೋಡಪ್ಪಾ, ಇವರಿಗೆ ಏನ್ ಬೇಕಾದ್ರೂ ಕಲ್ಸು, ರಿವರ್ಸ್ ಮಾತ್ರ ಕಲಿಸ್ಬೇಡ.”

ನಾನು ಕಲಿಸಲಿಲ್ಲ. ಅಲ್ಲಿಂದಾಚೆ ಭಾನುವಾರ ಬಂತೆಂದರೆ ಮುಂದೆ ಅವರ ಕಾರು, ಹಿಂದೆ ನನ್ನ ಸೈಕಲ್ಲು. ಹೊಳೆ ದಂಡೆಯಲ್ಲಿ ಕಾರು ತಿರುಗಿಸಿಕೊಟ್ಟು ಬರುವುದೇ ನನ್ನ ಡ್ರೈವರ್ ಕೆಲಸವಾಯಿತು.