ಜುಬೇದಾ ಬೀಯವರ ಹೆಬ್ಬೆರಳು ಮತ್ತು ನನ್ನ ನವಿಲು

ನರ್ಸುಗಳಿಗೂ ಹವ್ಯಾಸ ಇರುತ್ತದೆ ಎಂದರೆ ಜನ ನಂಬುವುದಿಲ್ಲ. ಡ್ಯೂಟಿ ಮುಗಿದ ಮೇಲೆ ನಮ್ಮನ್ನೂ ಸಿರಿಂಜುಗಳ ಜೊತೆ ಕುದಿಯುವ ನೀರಿಗೆ ಹಾಕಿ, ಬೆಳಿಗ್ಗೆ ಇಕ್ಕಳದಲ್ಲಿ ಎತ್ತಿ ಹೊರಗಿಡುತ್ತಾರೆ ಎಂದು ಅನೇಕರು ತಿಳಿದಂತಿದೆ. ನಾನು ತರೀಕೆರೆಯಲ್ಲಿದ್ದಾಗ ಒಂದು ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಬಣ್ಣದ ಸೀರೆ ಉಟ್ಟಿದ್ದೆ, ಹೂವನ್ನೂ ಮುಡಿದಿದ್ದೆ. ಆದರೂ ಹಿರಿಯರೊಬ್ಬರು ಗುರುತು ಹಿಡಿದು, ಎದುರಿಗೆ ಬಂದು ನಿಂತು, ಒಂದು ಮಾತೂ ಆಡದೆ ನಾಲಿಗೆ ಚಾಚಿದರು. ಆಮೇಲೆ ಅದನ್ನು ಒಳಗೆಳೆದುಕೊಂಡು, "ಬಸ್ ಬರೋದ್ರೊಳಗೆ ನೋಡ್ಬಿಡಿ ನರ್ಸಮ್ಮ, ನಾಳೆ ಆಸ್ಪತ್ರೆಗೆ ಬರಾಕೆ ಪುರಸೊತ್ತಿಲ್ಲ" ಎಂದರು. ನಾನು ಸಿನಿಮಾಕ್ಕೆ ಹೊರಟಿದ್ದೇನೆ ಎಂದೆ. "ಹೌದಾ? ನರ್ಸಮ್ಮೋರೂ ಸಿನಿಮಾ ನೋಡ್ತಾರಾ?" ಎಂದು ಆಶ್ಚರ್ಯಪಟ್ಟು, ಮತ್ತೆ ನಾಲಿಗೆ ಚಾಚಿದರು. ನಾಲಿಗೆ ಬೆಳ್ಳಗಿತ್ತು. ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂತು.

ಹೀಗೆ ಬರೆಯುವುದು ನನ್ನ ಅಭ್ಯಾಸ. ನನಗೆ ಗೊತ್ತಿರುವ ಬರವಣಿಗೆ ಒಂದೇ, ಡ್ಯೂಟಿ ರಿಪೋರ್ಟು. ಕಡೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ರಿಪೋರ್ಟು ಪುಸ್ತಕದಲ್ಲಿ "ಪಾಪ, ರೋಗಿಗೆ ವಿಪರೀತ ನೋವು" ಎಂದು ಬರೆದಿದ್ದೆ. ನಮ್ಮ ಹಿರಿಯ ಸಿಸ್ಟರು ಕೆಂಪು ಪೆನ್ಸಿಲಿನಲ್ಲಿ 'ಪಾಪ'ವನ್ನೂ 'ವಿಪರೀತ'ವನ್ನೂ ಹೊಡೆದುಹಾಕಿದರು. "ಕಣ್ಣಿಗೆ ಕಂಡದ್ದು ಬರಿ. ಮನಸ್ಸಿಗೆ ಅನ್ಸಿದ್ದನ್ನ ಮನೆಗೆ ತಗೊಂಡ್ಹೋಗು" ಎಂದರು. ಅಂದಿನಿಂದ ಕಂಡದ್ದನ್ನು ಆಸ್ಪತ್ರೆಯಲ್ಲಿ ಬಿಟ್ಟು, ಅನ್ನಿಸಿದ್ದನ್ನು ಮನೆಗೆ ಹೊರುತ್ತ ಬಂದೆ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಅಜ್ಜಂಪುರಕ್ಕೆ ವರ್ಗವಾಗಿ ಒಂದೂವರೆ ಕೋಣೆಯ ಕ್ವಾರ್ಟರ್ಸಿಗೆ ಬಂದಾಗ ಅಲ್ಲಿ ಅದನ್ನೆಲ್ಲ ಇಡಲು ಜಾಗವೇ ಇರಲಿಲ್ಲ. ಸಂಜೆಗಳನ್ನು ಕಳೆಯಲು ಏನಾದರೊಂದು ಬೇಕಾಯಿತು.

ಮೊದಲು ಲೈಬ್ರರಿಯಿಂದ ಕಾದಂಬರಿ ತಂದೆ. ಮೂರರಲ್ಲಿ ಎರಡಕ್ಕೆ ಕೊನೆಯ ಹಾಳೆಗಳಿರಲಿಲ್ಲ. ನಾಯಕಿ ಬದುಕಿದಳೋ ಇಲ್ಲವೋ ಎಂಬ ಚಿಂತೆ ಡ್ಯೂಟಿಯಲ್ಲೇ ಸಾಕಷ್ಟು ಇರುವಾಗ ಮನೆಯಲ್ಲೂ ಬೇಡವೆಂದು ಬಿಟ್ಟೆ. ಆಮೇಲೆ ರೇಡಿಯೋ. ಅದು ನಾಲ್ಕು ತಿಂಗಳು ಹಾಡಿ, ಕೆಮ್ಮಲು ಶುರುಮಾಡಿ, ಒಂದು ಮಧ್ಯಾಹ್ನ ಸುಮ್ಮನಾಯಿತು. ರಿಪೇರಿಗೆ ಕೊಡುವ ಬದಲು ಅದಕ್ಕೊಂದು ಚಂದದ ಕವರು ಹೊಲಿದು ಮುಚ್ಚಿಬಿಟ್ಟರೆ ಕೆಟ್ಟದ್ದು ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂತು. ಕವರಿನ ಮೇಲೆ ನವಿಲು ಇರಬೇಕೆಂದು ನಿರ್ಧರಿಸಿದೆ. ಹಾಗೆ ನಾನು ಜುಬೇದಾ ಬೀಯವರ ಕಸೂತಿ ಕ್ಲಾಸಿಗೆ ಸೇರಿದ್ದು.

ಜುಬೇದಾ ಬೀ ಊರಿನ ಟೈಲರೊಬ್ಬರ ಹೆಂಡತಿ, ಐವತ್ತೈದರ ಆಸುಪಾಸಿನವರು. ನಾವೆಲ್ಲ ಬೀಬಮ್ಮ ಎನ್ನುತ್ತಿದ್ದೆವು. ಗಂಡ ಮಿಷನ್ನಿನಲ್ಲಿ ಹೊಲಿದದ್ದರ ಮೇಲೆ ಇವರು ಕೈಯಲ್ಲಿ ಹೂಬಳ್ಳಿ ಎಬ್ಬಿಸುತ್ತಿದ್ದರು. ತರೀಕೆರೆಯ ವರ್ತಕರ ಮನೆಗಳಿಂದ ಮದುವೆ ಸೀರೆಗಳು ಬಸ್ಸಿನಲ್ಲಿ ಅವರ ಕೈಯನ್ನೇ ಹುಡುಕಿಕೊಂಡು ಬರುತ್ತಿದ್ದವು. ಭಾನುವಾರ ಮಧ್ಯಾಹ್ನ ಅವರ ಮನೆಯ ಜಗುಲಿಯಲ್ಲಿ ಕ್ಲಾಸು. ನನ್ನ ಸಹಪಾಠಿಗಳು ಎಂಟನೇ ಕ್ಲಾಸಿನ ನಾಲ್ಕು ಹುಡುಗಿಯರು. ನಾಲ್ವರೂ ನನಗಿಂತ ಮುಂದಿದ್ದರು.

ಬೀಬಮ್ಮನವರು ಕಸೂತಿಯ ಮುಂಬದಿಯನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆ ಕೈಗೆ ಬಂದ ಕೂಡಲೇ ತಿರುವಿ ಹಾಕುತ್ತಿದ್ದರು. "ಮುಂದ್ಗಡೆ ಯಾರ್ ಬೇಕಾದ್ರೂ ಮೆರೀತಾರೆ, ಹಿಂದ್ಗಡೆ ತೋರ್ಸು" ಎನ್ನುವುದು ಅವರ ರೂಢಿ. ಹಿಂದೆ ಗಂಟು ಕಾಣಬಾರದು, ದಾರ ಅಡ್ಡಾದಿಡ್ಡಿ ಹಾಯಬಾರದು. ನನ್ನ ತೊಂದರೆ ಇದ್ದದ್ದೇ ಅಲ್ಲಿ. ಆಸ್ಪತ್ರೆಯಲ್ಲಿ ಗಾಯ ಹೊಲಿಯುವಾಗ ಪ್ರತಿಯೊಂದು ಹೊಲಿಗೆಗೂ ಬೇರೆ ಬೇರೆ ಗಂಟು ಹಾಕಿ ದಾರ ಕತ್ತರಿಸುತ್ತೇವೆ. ಒಂದು ಬಿಚ್ಚಿಕೊಂಡರೂ ಉಳಿದವು ಹಿಡಿದಿರಲಿ ಎಂದು. ನನ್ನ ಕೈಗೆ ಅದೇ ಅಭ್ಯಾಸ. ನವಿಲಿನ ಒಂದು ಗರಿಗೆ ಹದಿನಾಲ್ಕು ಗಂಟು ಬೀಳುತ್ತಿದ್ದವು. ಬೀಬಮ್ಮ ಅದರ ಮೇಲೆ ಬೆರಳಾಡಿಸಿ, "ಏನಮ್ಮಾ ಸಿಸ್ಟರಮ್ಮ, ನವಿಲಿಗೆ ಬೆವರುಸಾಲೆ ಎದ್ದಿದೆಯಾ?" ಎಂದು ಕೇಳಿ, ಸಣ್ಣ ಕತ್ತರಿ ತೆಗೆದು ಎಲ್ಲವನ್ನೂ ಬಿಚ್ಚುತ್ತಿದ್ದರು. ಹುಡುಗಿಯರು ತಲೆ ತಗ್ಗಿಸಿಕೊಂಡು ನಗುತ್ತಿದ್ದರು. ಒಂದು ವರ್ಷದಲ್ಲಿ ನನ್ನ ನವಿಲಿಗೆ ಕೊಕ್ಕು ಮತ್ತು ಒಂದು ಕಾಲು ಬಂದಿತ್ತು.

ಇಷ್ಟು ಪೀಠಿಕೆಯ ಮೇಲೆ ವಿಷಯಕ್ಕೆ ಬರುತ್ತೇನೆ. ಅದೊಂದು ಬುಧವಾರ. ಡಾಕ್ಟರು ಮೀಟಿಂಗಿಗೆಂದು ಕಡೂರಿಗೆ ಹೋಗಿದ್ದರು. ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಜುಬೇದಾ ಬೀ ಬಲಗೈಗೆ ದುಪಟ್ಟಾ ಸುತ್ತಿಕೊಂಡು ಬಂದರು. ಲಾಟೀನಿನ ಗಾಜು ಒರೆಸುವಾಗ ಅದು ಕೈಯೊಳಗೇ ಒಡೆದಿತ್ತು. ಬಿಚ್ಚಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ, ಅಂಗೈ ದಪ್ಪಗಿರುವ ಕಡೆ, ಎರಡು ಅಂಗುಲ ಉದ್ದದ ಗಾಯ.

ಚರ್ಮ ಮಾತ್ರ ಹರಿದಿದ್ದರೆ ನಾನು ಹೊಲಿಯಬಹುದು, ಅದಕ್ಕೂ ಒಳಗೆ ಪೆಟ್ಟಾಗಿದ್ದರೆ ಮುಟ್ಟದೆ ಶಿವಮೊಗ್ಗಕ್ಕೆ ಕಳಿಸಬೇಕು ಎಂಬುದು ಡಾಕ್ಟರ ಅಪ್ಪಣೆ. ಹೆಬ್ಬೆರಳಿನಿಂದ ಒಂದೊಂದೇ ಬೆರಳನ್ನು ಮುಟ್ಟಿ ತೋರಿಸಲು ಹೇಳಿದೆ. ನಿಧಾನವಾಗಿ ಕಿರುಬೆರಳಿನವರೆಗೂ ಮುಟ್ಟಿದರು. ಹತ್ತಿ ತಾಗಿಸಿದರೆ ತಿಳಿಯುತ್ತಿತ್ತು. "ಒಳಗೇನೂ ಆಗಿಲ್ಲ ಬೀಬಮ್ಮ, ಆರು ಹೊಲಿಗೆ ಹಾಕಿದ್ರೆ ಸಾಕು" ಎಂದೆ.

"ಯಾರು ಹಾಕೋದು?"

"ನಾನೇ."

ಅವರು ನನ್ನನ್ನೂ ಕೈಯನ್ನೂ ನೋಡಿದರು. "ಡಾಕ್ಟ್ರು ಬರೋಗಂಟ ಕಾಯ್ತೀನಿ."

"ಬರೋದು ಏಳು ಗಂಟೆ ಆಗುತ್ತೆ. ರಕ್ತ ನಿಲ್ತಾ ಇಲ್ಲ, ನೋಡಿ."

"ನಿನ್ ಹೊಲಿಗೆ ನಾನು ನೋಡಿಲ್ವೇನಮ್ಮಾ?"

ಬೇಸಿನ್ ಹಿಡಿದು ನಿಂತಿದ್ದ ನಮ್ಮ ಆಯಾ ಲಕ್ಕಮ್ಮ, "ಬಟ್ಟೆದು ಬೇರೆ, ಚರ್ಮದ್ದು ಬೇರೆ ಕಣ ಬೀಬಮ್ಮ. ನಮ್ ಸಿಸ್ಟ್ರು ಕೈಲಿ ಹೊಲಿಸ್ಕೊಂಡೋರು ಯಾರೂ ವಾಪಸ್ ಬಂದು ಜಗಳ ಆಡಿಲ್ಲ" ಎಂದಳು. ಅದು ಹೊಗಳಿಕೆಯೋ ಅಲ್ಲವೋ ನನಗೆ ಈಗಲೂ ಸ್ಪಷ್ಟವಿಲ್ಲ. ಬೀಬಮ್ಮ ನಗಲಿಲ್ಲ. ಬಹಳ ಮೆಲ್ಲಗೆ, "ಸೂಜಿ ಹಿಡಿಯೋ ಬೆರಳು ಕಣಮ್ಮ ಇದು. ತರೀಕೆರೆ ಸೀರೆ ಅರ್ಧ ಆಗಿದೆ" ಎಂದು ಕೈಯನ್ನು ಮೇಜಿನ ಮೇಲೆ ಇಟ್ಟರು. ವರ್ಷವಿಡೀ ನನ್ನ ಕೆಲಸವನ್ನು ಬಿಚ್ಚಿದ ಕೈ, ಅಂಗಾತ ಮಲಗಿತ್ತು. ಸೇಡಿನ ಯೋಚನೆ ಬರಲಿಲ್ಲವೇ ಎಂದು ಓದುಗರು ಕೇಳಬಹುದು. ಬರಲಿಲ್ಲ. ಒಮ್ಮೆ ಕುದಿಸಿಟ್ಟಿದ್ದ ಸೂಜಿಯನ್ನು ಇನ್ನೊಮ್ಮೆ ಕುದಿಯಲು ಹಾಕಿದೆ.

ಗಾಯ ತೊಳೆದು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೆ. ಅದು ಮರಗಟ್ಟಿಸುವುದು ಚುಚ್ಚಿದ ಜಾಗವನ್ನು ಮಾತ್ರ, ಬಾಯನ್ನಲ್ಲ. ನೋವು ಹೋದದ್ದೇ ತಡ, ಬೀಬಮ್ಮನವರೊಳಗಿನ ಟೀಚರು ಎದ್ದು ಕೂತರು.

"ಸೂಜಿ ಸೊಟ್ಟಗಿದೆಯಲ್ಲಾ."

"ಅದು ಇರೋದೇ ಹಾಗೆ."

"ದಾರ ರೇಷ್ಮೆನಾ? ಒಳ್ಳೇದು. ಜಾರುತ್ತೆ, ಹುಷಾರು. ಕಪ್ಪೇ ಸಿಕ್ಕಿದ್ದಾ? ಮೈಬಣ್ಣಕ್ಕೆ ಹೊಂದೋದು ಇಲ್ವಾ?"

"ಸರ್ಕಾರ ಕೊಡೋದು ಕಪ್ಪೇ ಬೀಬಮ್ಮ."

ಮೊದಲನೆಯದನ್ನು ಹಾಕಿ ಗಂಟು ಬಿಗಿದು ಕತ್ತರಿಸಿದೆ. "ಗಂಟಾ!" ಎಂದು ಅವರು ಕೂಗಿದ ರಭಸಕ್ಕೆ ಲಕ್ಕಮ್ಮನ ಕೈಯ ಬೇಸಿನ್ ಅಲುಗಿತು. ಇಲ್ಲಿ ಗಂಟೇ ನಿಯಮ ಎಂದು ತಿಳಿಸಿ ಹೇಳಿದೆ. ಬೀಬಮ್ಮ, "ಅದಕ್ಕೇನಾ ನನ್ ಕ್ಲಾಸಲ್ಲೂ ಹಾಗ್ ಹಾಕೋದು? ಮೊದ್ಲೇ ಹೇಳ್ಬಾರ್ದಾ? ನಾನು ನಿನಗೆ ತಲೇಲಿ ಏನೂ ಇಲ್ಲ ಅಂದ್ಕೊಂಡಿದ್ದೆ" ಎಂದರು. ಎರಡನೆಯದು ಪಾಸಾಯಿತು. ಮೂರನೆಯದಕ್ಕೆ ಅವರು ಕತ್ತು ಚಾಚಿ, "ಇದು ಒಂದೆಳೆ ಮೇಲಿದೆ. ಬಿಚ್ಚು" ಎಂದರು. ನಾನು ಬಗ್ಗಿ ನೋಡಿದೆ. ಒಂದೆಳೆ ಮೇಲಿತ್ತು. ಬಿಚ್ಚಿ ಮತ್ತೆ ಹಾಕಿದೆ. ನನ್ನ ನೌಕರಿಯಲ್ಲಿ ರೋಗಿಯ ಅಪ್ಪಣೆಯಂತೆ ಹೊಲಿಗೆ ಬಿಚ್ಚಿದ್ದು ಅದೊಂದೇ ಸಲ. ಆರನೆಯದು ಮುಗಿಯುವ ಹೊತ್ತಿಗೆ ಗಂಟೆ ನಾಲ್ಕೂ ಹತ್ತು. ಬೀಬಮ್ಮ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಭ್ಯಾಸಬಲದಿಂದ ಕೈಯನ್ನು ತಿರುವಿ ಹಾಕಿದರು. ಅಲ್ಲಿ ಅವರ ಹಿಂಗೈ ಇತ್ತು.

"ಇದರ ಹಿಂದ್ಗಡೆ ಹೆಂಗಿದೆಯೋ?"

"ಅದು ಒಳಗಿದೆ ಬೀಬಮ್ಮ. ಯಾರೂ ನೋಡಲ್ಲ."

"ಅಲ್ಲಾ ನೋಡ್ತಾನೆ" ಎಂದು ಎದ್ದುಹೋದರು.

ಮುಂದಿನ ಹತ್ತು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ದಿನ ಬಿಟ್ಟು ದಿನ ಡ್ರೆಸಿಂಗ್ ಮಾಡುವಾಗ ಬೀಬಮ್ಮ, ಬೆರಳು ಬಿಗಿದುಕೊಂಡಂತಿದೆ ಎನ್ನುತ್ತಿದ್ದರು. ರಿಪೋರ್ಟಿನಲ್ಲಿ "ಕೀವಿಲ್ಲ, ಬಾವು ಕಡಿಮೆ" ಎಂದು ಬರೆದೆ. ಉಳಿದದ್ದನ್ನು ಮನೆಗೆ ಕೊಂಡೊಯ್ದು, ರೇಡಿಯೋ ಕವರು ತೆಗೆದುಕೊಂಡು ಕೂತೆ. ಅಷ್ಟು ದಿನದ ದಿಗಿಲಿಗೆ ನವಿಲಿನ ಬಾಲ ಪೂರ್ತಿಯಾಯಿತು, ಕುತ್ತಿಗೆ, ಮೈ, ಇನ್ನೊಂದು ಕಾಲು ಎಲ್ಲವೂ ಆಯಿತು. ಒಂದೇ ಒಂದು ಗಂಟು ಹಾಕಲಿಲ್ಲ. ಹನ್ನೊಂದನೆಯ ದಿನ ಡಾಕ್ಟರ ಎದುರಿಗೆ ಹೊಲಿಗೆ ತೆಗೆದೆವು. "ಚೆನ್ನಾಗಿ ಕೂಡಿದೆಯಲ್ಲ, ಯಾರು ಹಾಕಿದ್ದು?" ಎಂದು ಡಾಕ್ಟರು ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಬೀಬಮ್ಮ, "ನನ್ ಸ್ಟೂಡೆಂಟು" ಎಂದರು. ಆದರೆ ಬೆರಳು ಇನ್ನೂ ಪೆಡಸಾಗಿತ್ತು. ದಿನಾ ಚಪಾತಿ ಹಿಟ್ಟು ನಾದಬೇಕು ಎಂದು ಹೇಳಿ ಕಳಿಸಿದೆವು. ಸೂಜಿ ಹಿಡಿಯಲು ಬರುತ್ತದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೂರು ವಾರದ ಮೇಲೆ, ಕ್ಲಾಸು ಇದೆ ಬಾ ಎಂದು ಹೇಳಿಕಳಿಸಿದರು. ಜಗುಲಿಯಲ್ಲಿ ಹುಡುಗಿಯರು ಆಗಲೇ ಬೀಬಮ್ಮನವರ ಅಂಗೈಯನ್ನು ಸುತ್ತುವರಿದು ಕೂತಿದ್ದರು. "ನೋಡ್ರೇ, ಅಂತರ ಅಂದ್ರೆ ಹಿಂಗಿರ್ಬೇಕು. ಆರು ಗುರುತೂ ಒಂದೇ ಸಮ" ಎಂದು ತೋರಿಸುತ್ತಿದ್ದರು. ಒಂದು ವರ್ಷ ಕಾದದ್ದು ಸಾರ್ಥಕವಾಯಿತು ಎಂದುಕೊಂಡು, ಬೀಗುತ್ತ, ನನ್ನ ರೇಡಿಯೋ ಕವರನ್ನು ಬಿಚ್ಚಿ ಅವರ ಮಡಿಲಲ್ಲಿಟ್ಟೆ. ಇಡೀ ನವಿಲು, ಗಂಟಿಲ್ಲದ ನವಿಲು.

ಅವರು ತಿರುವಿ ಹಾಕಿದರು. ಬೆರಳಾಡಿಸಿದರು. "ಗಂಟಿಲ್ಲ" ಎಂದರು. ನಾನು ಹುಡುಗಿಯರ ಕಡೆ ನೋಡಿದೆ. "ಗಂಟಿಲ್ಲ, ಬಿಗೀನೂ ಇಲ್ಲ. ಎಲ್ಲಾ ಜೋಲ್ತಾ ಇದೆ. ನನ್ ಕೈ ಹೊಲಿಯೋವಾಗ ನೀನು ಉಸಿರು ಬಿಗಿಹಿಡಿದಿದ್ದೆ, ನಾನು ನೋಡ್ದೆ. ಇಲ್ಲಿ ಮನಸ್ಸು ಎಲ್ಲೋ ಇಟ್ಟು ಹಾಕಿದೀಯ. ಏ ಹುಡುಗಿ, ಆ ಕತ್ತರಿ ಕೊಡೇ ಇಲ್ಲಿ."

ಕತ್ತರಿ ಬಂತು. ನನ್ನ ಕಣ್ಣು ನವಿಲಿನ ಮೇಲಿರಲಿಲ್ಲ, ಹೆಬ್ಬೆರಳಿನ ಮೇಲಿತ್ತು. ಅದು ಕತ್ತರಿಯ ಸಣ್ಣ ಕಣ್ಣಿನೊಳಗೆ ನುಸುಳಿತು, ತೆರೆಯಿತು, ಮುಚ್ಚಿತು. ತುದಿಯಿಂದ ಒಂದು ಎಳೆಯನ್ನು ಎತ್ತಿ, ಬಟ್ಟೆಗೆ ತಾಗದಂತೆ ಕತ್ತರಿಸಿತು. ಬಾಲ ಹೋಯಿತು. ಹೆಬ್ಬೆರಳಿನ ಚಲನೆ ಸಹಜ, ನಡುಕವಿಲ್ಲ, ಹಿಡಿತ ಗಟ್ಟಿ ಎಂದು ಮನಸ್ಸಿನಲ್ಲೇ ರಿಪೋರ್ಟು ಬರೆದುಕೊಂಡೆ. ಕುತ್ತಿಗೆ, ಮೈ ಎಲ್ಲ ಹೋಗಿ ಕೊಕ್ಕು, ಒಂದು ಕಾಲು ಉಳಿಯುವ ಹೊತ್ತಿಗೂ ಹೆಬ್ಬೆರಳಿಗೆ ದಣಿವಾಗಿರಲಿಲ್ಲ. ಆ ಕೈಯನ್ನು ಅಷ್ಟೊಂದು ಚೆನ್ನಾಗಿ ಹೊಲಿಯಬಾರದಿತ್ತು ಎಂದು ಒಂದು ಕ್ಷಣ ಅನ್ನಿಸಿತು. ಅದನ್ನು ರಿಪೋರ್ಟಿನಲ್ಲಿ ಬರೆಯಲಿಲ್ಲ, ಮನೆಗೆ ತೆಗೆದುಕೊಂಡು ಹೋದೆ.